ತೋಳವನ್ನು ಬೇಲಿಯಾಚೆ ಇಟ್ಟರೆ ಬಯಲಿಗೆ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಕುರಿಗಾಹಿಗಳು, ತೊಗರಿ ಬೆಳೆಗಾರರು, ಶಿಕ್ಷಕರು ಮತ್ತು ಕಾಲೇಜು ವಿದ್ಯಾರ್ಥಿಗಳು ಮಾತುಕತೆಯಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳನ್ನು ಇಲ್ಲಿ ಆದಷ್ಟೂ ಅವರವರ ಮಾತಿನಲ್ಲೇ ಇಟ್ಟು ಉತ್ತರಿಸಲಾಗಿದೆ. ಮೊದಲು ತಿಳಿಯಬೇಕಾದದ್ದು ಮೊದಲಿದೆ, ವಿಜ್ಞಾನಿಗಳೇ ಇನ್ನೂ ವಾದಿಸುತ್ತಿರುವ ವಿಷಯಗಳು ಕೊನೆಗಿವೆ. ಯಾವ ಪ್ರಶ್ನೆಯಿಂದ ಬೇಕಾದರೂ ಓದಬಹುದು.

## ಮೊದಲ ಪ್ರಶ್ನೆಗಳು

ಅಗ್ರ ಪರಭಕ್ಷಕ ಅಂದ್ರ ಯಾವ ಪ್ರಾಣಿ? ನಮ್ಮ ಕಡಿ ಹುಲಿ, ಸಿಂಹ ಯಾವುದೂ ಇಲ್ಲಲ್ರಿ?

ಒಂದು ನೆಲದಲ್ಲಿ ಬೇರೆ ಪ್ರಾಣಿಗಳನ್ನು ಬೇಟೆಯಾಡಿ ಬದುಕುವ, ಆದರೆ ತನ್ನನ್ನು ಬೇಟೆಯಾಡುವ ಪ್ರಾಣಿ ಅಲ್ಲಿ ಬೇರೊಂದಿಲ್ಲದ ಪ್ರಾಣಿಯನ್ನು ಅಗ್ರ ಪರಭಕ್ಷಕ ಎನ್ನುತ್ತಾರೆ. ಅದು ಹುಲಿಯೇ ಆಗಿರಬೇಕೆಂದಿಲ್ಲ. ದಖ್ಖನ್ನಿನ ಬಯಲಿನಲ್ಲಿ ಹಿಂದೆ ಚೀತಾ ಮತ್ತು ತೋಳ ಎರಡೂ ಈ ಸ್ಥಾನದಲ್ಲಿದ್ದವು. ಚೀತಾ ಭಾರತದಿಂದ ಅಳಿದುಹೋಯಿತೆಂದು 1952ರಲ್ಲಿ ಘೋಷಣೆಯಾಯಿತು. 2022ರಿಂದ ಮಧ್ಯಪ್ರದೇಶದ ಕುನೋದಲ್ಲಿ ಬಿಟ್ಟಿರುವ ಚೀತಾಗಳು ಆಫ್ರಿಕಾದಿಂದ ತಂದವು. ಹೀಗಾಗಿ ನಮ್ಮ ಹುಲ್ಲುಗಾವಲು, ಬೀಳು, ಗಾಯರಾಣ (ಊರಿನ ಗೋಮಾಳ), ಕುರುಚಲು ಗುಡ್ಡಗಳಲ್ಲಿ ಈಗ ಉಳಿದಿರುವ ಅಗ್ರ ಪರಭಕ್ಷಕ ತೋಳವೇ. ಕಲ್ಲುಗುಡ್ಡಗಳಿರುವ ಕಡೆ ಚಿರತೆಯೂ ಇದೆ. ದೇಶದಲ್ಲಿ ಒಟ್ಟು ಎರಡು-ಮೂರು ಸಾವಿರ ತೋಳಗಳಷ್ಟೇ ಇರಬಹುದೆಂಬ ಅಂದಾಜಿದೆ. ಇವುಗಳಲ್ಲಿ ಹೆಚ್ಚಿನವು ಅಭಯಾರಣ್ಯಗಳ ಹೊರಗೆ, ಹೊಲ ಮತ್ತು ಕುರಿಹಟ್ಟಿಗಳ ನಡುವೆಯೇ ಬದುಕುತ್ತಿವೆ. ಆದ್ದರಿಂದ ಬೇಲಿಯ ಪ್ರಶ್ನೆ ಹುಲಿಗಿಂತಲೂ ತೋಳಕ್ಕೆ ಹೆಚ್ಚು ನೇರವಾಗಿ ತಾಗುತ್ತದೆ.

ತೋಳ ಇಲ್ಲದಿದ್ರ ಕುರಿಗೂ ಛಲೋ, ಹುಲ್ಲಿಗೂ ಛಲೋ. ಅದರಾಗ ನಷ್ಟ ಏನದ?

ಕುರಿಗೆ ಒಳ್ಳೆಯದೆಂಬುದು ನಿಜ, ಅದನ್ನು ಅಲ್ಲಗಳೆಯಬೇಕಿಲ್ಲ. ಹುಲ್ಲಿಗೆ ಒಳ್ಳೆಯದೆಂಬ ಮಾತು ಮಾತ್ರ ನಿಲ್ಲುವುದಿಲ್ಲ. ಅಗ್ರ ಪರಭಕ್ಷಕವೊಂದು ನೆಲದ ಮೇಲೆ ಮೂರು ಬಗೆಯಲ್ಲಿ ಕೆಲಸ ಮಾಡುತ್ತದೆ. ಮೇಯುವ ಪ್ರಾಣಿಗಳಲ್ಲಿ ಕೆಲವನ್ನು ಕೊಂದು ಅವುಗಳ ಸಂಖ್ಯೆಯನ್ನು ತಗ್ಗಿಸುತ್ತದೆ. ಉಳಿದವು ಅಂಜಿಕೆಯಿಂದ ಒಂದೇ ಕಡೆ ನಿಂತು ಬೇರಿನವರೆಗೂ ಮೇಯದೆ ಜಾಗ ಬದಲಿಸುತ್ತಾ ಇರುವಂತೆ ಮಾಡುತ್ತದೆ. ತನಗಿಂತ ಸಣ್ಣ ಬೇಟೆಗಾರರಾದ ನರಿ, ಬೆಕ್ಕು, ನಾಯಿಗಳನ್ನು ಕೊಲ್ಲುತ್ತದೆ ಅಥವಾ ದೂರ ಓಡಿಸುತ್ತದೆ. ಮೂರನೆಯದು ಎಲ್ಲರ ಕಣ್ಣು ತಪ್ಪಿಸಿಕೊಳ್ಳುವ ಕೆಲಸ. ದೊಡ್ಡ ಬೇಟೆಗಾರ ಹೋದಾಗ ನಡುವಿನ ಬೇಟೆಗಾರರು ಹೆಚ್ಚುತ್ತಾರೆ, ಅವರು ಹೆಚ್ಚಿದಷ್ಟೂ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳು, ಮೊಲ, ಕಾಡಿಲಿ, ಓತಿಕೇತಗಳಂಥ ಸಣ್ಣ ಜೀವಿಗಳು ಕಡಿಮೆಯಾಗುತ್ತವೆ.

ಇದನ್ನು ಮೊದಲು ಸ್ಪಷ್ಟವಾಗಿ ತೋರಿಸಿದ ಪ್ರಯೋಗಗಳಲ್ಲೊಂದು ನಡೆದದ್ದು ಕಾಡಿನಲ್ಲಲ್ಲ, ಕಡಲ ದಂಡೆಯಲ್ಲಿ. ಅಮೆರಿಕದ ಜೀವವಿಜ್ಞಾನಿ ರಾಬರ್ಟ್ ಪೇಯ್ನ್ ವಾಷಿಂಗ್ಟನ್ ರಾಜ್ಯದ ಕರಾವಳಿಯ ಬಂಡೆಗಳ ಒಂದು ಪಟ್ಟಿಯಿಂದ ನಕ್ಷತ್ರಮೀನುಗಳನ್ನು ಮಾತ್ರ ಕಿತ್ತು ತೆಗೆಯುತ್ತಾ ಬಂದರು. ಅವರು 1966ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಬಂಡೆಯ ಮೇಲಿದ್ದ 15 ಜಾತಿಯ ಜೀವಿಗಳು 8ಕ್ಕೆ ಇಳಿದಿದ್ದವು. ನಕ್ಷತ್ರಮೀನು ತಿನ್ನುತ್ತಿದ್ದ ಚಿಪ್ಪುಜೀವಿಯೊಂದು ತಡೆಯಿಲ್ಲದೆ ಹಬ್ಬಿ ಉಳಿದವುಗಳ ಜಾಗವನ್ನೆಲ್ಲ ಆಕ್ರಮಿಸಿಕೊಂಡಿತ್ತು. ಕೊಲ್ಲುವ ಪ್ರಾಣಿಯನ್ನು ತೆಗೆದಾಗ ಜೀವಜಾತಿಗಳು ಹೆಚ್ಚಲಿಲ್ಲ, ಕಡಿಮೆಯಾದವು.

ಬೇಲಿ ಹಾಕಿ ಹೊರಗಿಡುವುದು ಕೊಲ್ಲುವುದಕ್ಕಿಂತ ಮೇಲಲ್ಲವೇ?

ಆ ಒಂದು ಪ್ರಾಣಿಯ ಜೀವದ ಮಟ್ಟಿಗೆ ಖಂಡಿತ ಮೇಲು. ಬೇಲಿಯ ಒಳಗಿನ ನೆಲದ ಮಟ್ಟಿಗೆ ಎರಡರ ಫಲವೂ ಒಂದೇ, ಏಕೆಂದರೆ ಅಲ್ಲಿ ಬೇಟೆಗಾರ ಇಲ್ಲವಾಗುತ್ತದೆ. ಬೇಲಿ ಇನ್ನೊಂದು ತೊಡಕನ್ನೂ ಸೇರಿಸುತ್ತದೆ: ಅದು ಬೇಟೆಗಾರನನ್ನು ಮಾತ್ರ ಆರಿಸಿ ತಡೆಯುವುದಿಲ್ಲ, ನೀರು-ಮೇವು ಹುಡುಕಿ ಹೊರಟ ಎಲ್ಲವನ್ನೂ ತಡೆಯುತ್ತದೆ. ಕಾಲುಬಾಯಿ ಜ್ವರ ಹರಡದಂತೆ, ದನದ ಮಾಂಸದ ರಫ್ತಿಗೆ ತೊಂದರೆಯಾಗದಂತೆ ಆಫ್ರಿಕಾದ ಬೋಟ್ಸ್ವಾನಾದಲ್ಲಿ 1950ರ ದಶಕದಿಂದ ಉದ್ದುದ್ದದ ಬೇಲಿಗಳನ್ನು ಹಾಕಲಾಯಿತು. 1980ರ ದಶಕದ ಆರಂಭದ ಬರದಲ್ಲಿ ನೀರಿನತ್ತ ಹೊರಟ ವೈಲ್ಡ್‌ಬೀಸ್ಟ್ ಎಂಬ ಮೇಯುವ ಪ್ರಾಣಿಗಳು ಆ ಬೇಲಿಗಳ ಗುಂಟ ಸಾವಿರಗಟ್ಟಲೆ ಸತ್ತವು. ಬೇಲಿ ಹಾಕಿದವರ ಮನಸ್ಸಿನಲ್ಲಿ ಅವುಗಳ ವಿಚಾರವೇ ಇರಲಿಲ್ಲ.

## ಆಸ್ಟ್ರೇಲಿಯಾದ ಡಿಂಗೊ ಬೇಲಿ

ಜಗತ್ತಿನ ಅತಿ ಉದ್ದದ ಬೇಲಿ ಆಸ್ಟ್ರೇಲಿಯಾದಲ್ಲಿದೆಯಂತೆ. ಅದನ್ನು ಯಾಕೆ ಹಾಕಿದರು?

ಕುರಿ ಕಾಯಲು ಹಾಕಿದರು. ಕ್ವೀನ್ಸ್‌ಲ್ಯಾಂಡಿನ ಜಿಂಬೂರ್ ಬಳಿ ಆರಂಭವಾಗಿ ದಕ್ಷಿಣ ಆಸ್ಟ್ರೇಲಿಯಾದ ನಲ್ಲಾರ್ಬರ್ ಕಡಲಬಂಡೆಗಳವರೆಗೆ ಸುಮಾರು 5,600 ಕಿ.ಮೀ. ಸಾಗುವ ತಂತಿಬೇಲಿ ಇದು. ಆಳೆತ್ತರದ ಈ ಬೇಲಿಯ ಕೆಲವು ಭಾಗಗಳು 19ನೇ ಶತಮಾನದ ಕೊನೆಯಲ್ಲಿ ಮೊಲಗಳನ್ನು ತಡೆಯಲು ಕಟ್ಟಿದವು. ಅವು ಮೊಲಗಳನ್ನು ತಡೆಯಲಿಲ್ಲ. 1859ರಲ್ಲಿ ಬಿಟ್ಟ ಯುರೋಪಿನ ಮೊಲಗಳು ಅಷ್ಟರಲ್ಲಿ ಹಬ್ಬಿಯಾಗಿತ್ತು. ನಂತರ ಅವೇ ತುಂಡುಗಳನ್ನು ಎತ್ತರಿಸಿ, ಜೋಡಿಸಿ, ಡಿಂಗೊ ಎಂಬ ಕಾಡುನಾಯಿಯನ್ನು ಆಗ್ನೇಯ ಭಾಗದ ಕುರಿಸೀಮೆಯಿಂದ ಹೊರಗಿಡಲು ಬಳಸಿದರು. ಒಳಗಡೆ ಹೆಚ್ಚಾಗಿ ಕುರಿ, ಹೊರಗಡೆ ಹೆಚ್ಚಾಗಿ ದನ. ಬೇಲಿಯ ಜೊತೆಗೆ ಒಳಭಾಗದ ಡಿಂಗೊಗಳನ್ನು ಗುಂಡಿನಿಂದಲೂ ವಿಷದಿಂದಲೂ ಕೊಲ್ಲುತ್ತಾ ಬಂದಿದ್ದಾರೆ, ಹೀಗಾಗಿ ಅದು ಬರೀ ಬೇಲಿಯ ಕಥೆಯಲ್ಲ.

ಡಿಂಗೊ ಆ ಖಂಡಕ್ಕೆ ಮನುಷ್ಯರೊಂದಿಗೆ ಸುಮಾರು 3,500 ವರ್ಷಗಳಷ್ಟಾದರೂ ಹಿಂದೆ ಬಂದದ್ದು. ಅದಕ್ಕಿಂತ ಮೊದಲಿದ್ದ ದೊಡ್ಡ ಬೇಟೆಗಾರ ಥೈಲಸೀನ್ ಮುಖ್ಯ ಭೂಭಾಗದಲ್ಲಿ ಅಳಿದು, ಟಾಸ್ಮೇನಿಯಾ ದ್ವೀಪದಲ್ಲಿ ಉಳಿದಿದ್ದ ಕೊನೆಯದೂ 1936ರಲ್ಲಿ ಹೋಬಾರ್ಟಿನ ಮೃಗಾಲಯದಲ್ಲಿ ಸತ್ತಿತು. ಆದ್ದರಿಂದ ಬಯಲಿನಲ್ಲಿ ಆ ಸ್ಥಾನ ತುಂಬಬಲ್ಲ ಪ್ರಾಣಿ ಡಿಂಗೊ ಒಂದೇ.

ಬೇಲಿಯ ಎರಡೂ ಬದಿಯಲ್ಲಿ ನಿಜವಾಗಿ ಏನು ಬದಲಾಯಿತು?

ಮೊದಲು ಕಣ್ಣಿಗೆ ಬಿದ್ದದ್ದು ಕಾಂಗರೂಗಳ ಸಂಖ್ಯೆ. ವಿಮಾನದಿಂದ ಎಣಿಸಿದ ಗ್ರೇಮ್ ಕಾಫ್ಲಿ ಮತ್ತು ಸಹೋದ್ಯೋಗಿಗಳು ಡಿಂಗೊ ಇಲ್ಲದ ಬದಿಯಲ್ಲಿ ಕೆಂಪು ಕಾಂಗರೂ ಮತ್ತು ಎಮು ಹಕ್ಕಿಗಳು ಹೊರಬದಿಗಿಂತ ಹಲವು ಪಟ್ಟು ದಟ್ಟವಾಗಿವೆಯೆಂದು 1980ರಲ್ಲೇ ವರದಿ ಮಾಡಿದರು. ಕುರಿಗಾಹಿಯ ದೃಷ್ಟಿಯಿಂದ ನೋಡಿದರೆ, ಡಿಂಗೊದಿಂದ ಉಳಿಸಿದ ಕುರಿಗಳ ಮೇವಿಗೆ ಕಾಂಗರೂ ಪಾಲುದಾರನಾಗಿ ಬಂತು. ಮಳೆ ಚೆನ್ನಾದ ವರ್ಷಗಳಲ್ಲಿ ಇದು ಹೊರೆಯೆನಿಸುವುದಿಲ್ಲ. ಬರದ ವರ್ಷ ಬಂದಾಗ ಹಿಂದಿನ ಮಳೆಯಲ್ಲಿ ಹೆಚ್ಚಿದ್ದ ಹಿಂಡುಗಳೆಲ್ಲ ಒಣಗುತ್ತಿರುವ ಹುಲ್ಲಿನ ಮೇಲೆ ಬೀಳುತ್ತವೆ, ನೆಲ ಬೋಳಾಗುತ್ತದೆ, ಗಾಳಿಗೆ ಮಣ್ಣು ಹಾರುತ್ತದೆ.

ಎರಡನೆಯ ಬದಲಾವಣೆ ಸಣ್ಣ ಪ್ರಾಣಿಗಳಲ್ಲಿ. ಆಸ್ಟ್ರೇಲಿಯಾಕ್ಕೆ ಇಂಗ್ಲಿಷರು ಬೇಟೆಯ ಮೋಜಿಗೆಂದು ತಂದ ಕೆಂಪುನರಿ ಮತ್ತು ಮನೆಯಿಂದ ಕಾಡು ಸೇರಿದ ಬೆಕ್ಕು ಅಲ್ಲಿನ ಸಣ್ಣ ಸ್ತನಿಗಳಿಗೆ ಬಹುದೊಡ್ಡ ಶತ್ರುಗಳು. ಡಿಂಗೊ ಇರುವ ಕಡೆ ನರಿ ಕಡಿಮೆ. ಸ್ಟ್ರೆಜೆಲೆಕಿ ಮರುಭೂಮಿಯಲ್ಲಿ ಮೈಕ್ ಲೆಟ್ನಿಕ್ ಮತ್ತಿತರ ಸಂಶೋಧಕರು ಬೇಲಿಯ ಎರಡೂ ಬದಿಯಲ್ಲಿ ಹೆಜ್ಜೆಗುರುತು ಎಣಿಸಿ, ಇಲಿಗಳನ್ನು ಹಿಡಿದು ಬಿಟ್ಟು ನೋಡಿದಾಗ, ಹಿಂಗಾಲಿನ ಮೇಲೆ ಜಿಗಿಯುವ ಸ್ಥಳೀಯ ಇಲಿಗಳು ಡಿಂಗೊ ಇರುವ ಬದಿಯಲ್ಲೇ ಹೆಚ್ಚಾಗಿ ಸಿಕ್ಕವು. ಡಿಂಗೊ ಇಲಿಯನ್ನೂ ತಿನ್ನುತ್ತದೆ ನಿಜ. ಆದರೆ ನರಿ ತಿನ್ನುವುದನ್ನು ಅದು ತಪ್ಪಿಸುವುದರಿಂದ ಇಲಿಗೆ ಒಟ್ಟಿನಲ್ಲಿ ಲಾಭವೇ.

ಮೂರನೆಯದು ಗಿಡಗಳಲ್ಲಿ, ಅಲ್ಲಿಂದ ನೆಲದ ಆಕಾರದಲ್ಲೇ. ಆ ಇಲಿಗಳು ಪೊದೆಗಿಡಗಳ ಬೀಜಗಳನ್ನೂ ಎಳೆಯ ಸಸಿಗಳನ್ನೂ ತಿನ್ನುತ್ತವೆ. ಇಲಿ ಕಡಿಮೆಯಾದ ಕಡೆ ಪೊದೆಗಳು ಹೆಚ್ಚಿದವು, ಪೊದೆಗಳು ಗಾಳಿಯನ್ನು ತಡೆದವು, ಗಾಳಿ ಹೊತ್ತ ಮರಳು ಅಲ್ಲೇ ನಿಂತಿತು. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಡ್ರೋನ್ ಚಿತ್ರಗಳಿಂದ ಅಳೆದು, ಬೇಲಿಯ ಎರಡು ಬದಿಯ ಮರಳುದಿಬ್ಬಗಳ ಆಕಾರವೂ ಎತ್ತರವೂ ಬೇರೆಯಾಗಿರುವುದನ್ನು ತೋರಿಸಿತು. ಒಂದು ನಾಯಿಜಾತಿಯನ್ನು ತಂತಿಯಾಚೆ ಇಟ್ಟದ್ದರ ಫಲ ಮರಳಿನವರೆಗೆ ತಲುಪಿತೆಂದರೆ, ನಡುವಿನ ಒಂದೊಂದು ಕೊಂಡಿಯೂ ಎಷ್ಟು ಗಟ್ಟಿಯಾಗಿ ಹೆಣೆದಿರಬೇಕು ಎಂಬುದನ್ನು ಓದುಗರು ಯೋಚಿಸಬೇಕು. ಈ ಇಡೀ ವಿಷಯದಲ್ಲಿ ನನಗೆ ಅತಿ ಮುಖ್ಯವೆನಿಸುವ ಸಂಗತಿಯೂ ಅದೇ.

## ನಮ್ಮ ಬಯಲುಸೀಮೆಯಲ್ಲಿ

ನಮ್ಮ ಜಿಲ್ಲಾದಾಗ ಅಂಥಾ ಬೇಲಿ ಎಲ್ಲದರಿ? ನಾವು ಯಾಕ ತಲಿ ಕೆಡಿಸ್ಕೋಬೇಕು?

ಅಷ್ಟುದ್ದದ, ಒಂದೇ ಉದ್ದೇಶದ ಬೇಲಿ ಇಲ್ಲಿ ಇಲ್ಲ. ಬೇಲಿಯ ಕೆಲಸ ಮಾಡುವ ಗೆರೆಗಳು ಮಾತ್ರ ಬಹಳ ಇವೆ. ನಾರಾಯಣಪುರ ಎಡದಂಡೆ ಕಾಲುವೆ ಸುರಪುರ, ಶಹಾಪುರ ಸೀಮೆಗೆ ನೀರು ತಂದಿದೆ, ಜೊತೆಗೆ ಕುರುಚಲು ಬಯಲನ್ನು ಸೀಳಿಯೂ ಇದೆ. ಒಣಬೇಸಾಯದ ಹೊಲ ಭತ್ತದ ಗದ್ದೆಯಾದಲ್ಲಿ ತೋಳಕ್ಕೂ ಚಿಗರಿಗೂ (ಕೃಷ್ಣಮೃಗ) ನಿಲ್ಲಲು ನೆಲವಿಲ್ಲ. ಬೀದರಿನಿಂದ ಹುಮನಾಬಾದ್, ಕಲಬುರಗಿ, ಜೇವರ್ಗಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50, ಸುಣ್ಣಕಲ್ಲಿನ ಗಣಿಗಳ ಸುತ್ತಲಿನ ಕಾಂಪೌಂಡು, ಸೋಲಾರ್ ಘಟಕಗಳ ಜಾಲರಿ, ಲೇಔಟು ಮಾಡಿ ಮಾರಲು ಕಾದಿರುವ ಜಮೀನಿನ ಕಲ್ಲುಕಂಬ-ಮುಳ್ಳುತಂತಿ, ಇವೆಲ್ಲ ಒಂದೊಂದಾಗಿ ನೋಡಿದರೆ ಸಣ್ಣವು. ಒಟ್ಟಿಗೆ ನಕ್ಷೆಯ ಮೇಲಿಟ್ಟರೆ ಬಯಲು ತುಂಡುತುಂಡಾಗಿರುವುದು ಕಾಣುತ್ತದೆ.

ಕಲಬುರಗಿ ಜಿಲ್ಲೆಯ ಚಿಂಚೋಳಿ ವನ್ಯಜೀವಿಧಾಮ 2011ರಲ್ಲಿ ಘೋಷಣೆಯಾಯಿತು, ಅದರ ವಿಸ್ತೀರ್ಣ ಸುಮಾರು 135 ಚದರ ಕಿ.ಮೀ. ಭಾರತದ ಬಯಲಿನಲ್ಲಿ ತೋಳಗಳ ಒಂದೇ ಗುಂಪು ನೂರರಿಂದ ಇನ್ನೂರು ಚದರ ಕಿ.ಮೀ. ನೆಲದಲ್ಲಿ ತಿರುಗಾಡುತ್ತದೆ. ಅಂದರೆ ಇಡೀ ವನ್ಯಜೀವಿಧಾಮವನ್ನು ಬಿಟ್ಟುಕೊಟ್ಟರೂ ಅದು ಒಂದು ಗುಂಪಿಗೆ ಸಾಕಾದರೆ ಹೆಚ್ಚು. ಉಳಿದ ತೋಳಗಳ ಬದುಕು ನಡೆಯುವುದು ನಮ್ಮ ಹೊಲದ ಬದುಗಳಲ್ಲಿ, ಹಳ್ಳದ ದಂಡೆಗಳಲ್ಲಿ, ಗಾಯರಾಣದಲ್ಲಿ. ತಲೆ ಕೆಡಿಸಿಕೊಳ್ಳಬೇಕಾದ ಕಾರಣ ಇದು.

ತೋಳ ಹೋದ ಜಾಗಕ್ಕೆ ನಾಯಿ ಬಂದದ. ಕೆಲಸ ಎರಡರದೂ ಒಂದೇ ಅಲ್ಲೇನ್ರಿ?

ಒಂದೇ ಅಲ್ಲ. ತೋಳದ ಸಂಖ್ಯೆ ಅದಕ್ಕೆ ಸಿಗುವ ಬೇಟೆಯನ್ನು ಅವಲಂಬಿಸಿದೆ. ನಾಯಿಗೆ ಊರಿನ ತಿಪ್ಪೆ, ಮಾಂಸದಂಗಡಿಯ ಉಳಿಕೆ, ಸತ್ತ ದನ, ಮನೆಗಳವರು ಹಾಕುವ ರೊಟ್ಟಿ ಇದ್ದೇ ಇರುತ್ತದೆ, ಆದ್ದರಿಂದ ಬಯಲಿನಲ್ಲಿ ಮೊಲವೂ ಚಿಗರಿಮರಿಯೂ ಪೂರ್ತಿ ಮುಗಿದುಹೋದರೂ ನಾಯಿಯ ಸಂಖ್ಯೆ ಇಳಿಯುವುದಿಲ್ಲ. ಬೇಟೆ ಕಡಿಮೆಯಾದಾಗ ಬೇಟೆಗಾರನೂ ಕಡಿಮೆಯಾಗುವ ತಡೆ ಅಲ್ಲಿ ಕಡಿದುಹೋಗಿದೆ. ನಾಯಿಗಳು ರೇಬೀಸ್ ಮತ್ತು ಡಿಸ್ಟೆಂಪರ್ ರೋಗಗಳನ್ನು ನರಿ, ತೋಳಗಳಿಗೆ ದಾಟಿಸುತ್ತವೆ. ಜೊತೆ ಸಿಗದ ಒಂಟಿ ತೋಳ ನಾಯಿಯೊಂದಿಗೆ ಕೂಡಿ ಮಿಶ್ರತಳಿ ಹುಟ್ಟುವ ಅಪಾಯವೂ ಇದೆ. ಪುಣೆಯ ಸುತ್ತಲಿನ ಹುಲ್ಲುಗಾವಲಿನಲ್ಲಿ ಅಂಥ ಪ್ರಾಣಿಗಳಿರುವುದು ವಂಶವಾಹಿ ಪರೀಕ್ಷೆಯಿಂದ ಖಚಿತವಾಗಿದೆ. ನೆಲದ ಮೇಲೆ ಮೊಟ್ಟೆಯಿಡುವ ಕೌಜುಗ, ಟಿಟ್ಟಿಭಗಳಿಗೆ ಹಗಲು-ರಾತ್ರಿ ಬಯಲು ಸುತ್ತುವ ನಾಯಿಹಿಂಡು ದೊಡ್ಡ ಗಂಡಾಂತರ.

ತೋಳ ಉಳಿಸಿದರೆ ತೊಗರಿ ಹೊಲದಲ್ಲಿ ಚಿಗರಿ, ಹಂದಿಗಳ ಕಾಟ ತಪ್ಪುತ್ತದೆಯೇ?

ತೋಳವೊಂದರಿಂದಲೇ ತಪ್ಪುತ್ತದೆಂದು ಮಾತು ಕೊಡಲಾಗದು, ಕೊಡುವವರನ್ನು ನಂಬಲೂಬಾರದು. ಗುಜರಾತಿನ ವೇಳಾವದರ್ ರಾಷ್ಟ್ರೀಯ ಉದ್ಯಾನ ಸುಮಾರು 34 ಚದರ ಕಿ.ಮೀ. ಹುಲ್ಲುಗಾವಲು, ಅಲ್ಲಿ ಕೃಷ್ಣಮೃಗಗಳು ಹೇರಳವಾಗಿರುವುದರಿಂದ ತೋಳಗಳು ಅವನ್ನೇ ಬೇಟೆಯಾಡುತ್ತವೆ. ನಮ್ಮ ಕಡೆ ಕಾಡುಬೇಟೆ ವಿರಳವಾಗಿರುವ ಊರುಗಳಲ್ಲಿ ತೋಳದ ಆಹಾರದಲ್ಲಿ ಹೆಚ್ಚಿನ ಪಾಲು ಕುರಿ, ಮೇಕೆಗಳದೇ. ಆಂಧ್ರದ ರೋಳ್ಳಪಾಡಿನಲ್ಲಿ ದೊಡ್ಡ ಹಕ್ಕಿ ಎರ್ಲಡ್ಡಿಗಾಗಿ ಹುಲ್ಲುಗಾವಲನ್ನು ಕಾಪಾಡಿದಾಗ, ತೋಳಗಳಿದ್ದರೂ ಕೃಷ್ಣಮೃಗಗಳು ಹೆಚ್ಚಿ ಸುತ್ತಲಿನ ಬೆಳೆಗೆ ನುಗ್ಗಿದವು.

ಹಾಗೆಂದು ತೋಳದ ಪಾತ್ರ ಇಲ್ಲವೆಂದಲ್ಲ. ಎಳೆ ಮರಿಗಳು, ಮುದಿ ಮತ್ತು ರೋಗದ ಪ್ರಾಣಿಗಳು ಮೊದಲು ತೋಳಕ್ಕೆ ಸಿಗುತ್ತವೆ, ಹಿಂಡು ಒಂದೇ ಹೊಲದಲ್ಲಿ ನೆಮ್ಮದಿಯಿಂದ ಬೀಡುಬಿಡುವುದಿಲ್ಲ. ಬೀದರ್ ಜಿಲ್ಲೆಯಲ್ಲಿ ಸೋಯಾಬೀನ್, ಉದ್ದು, ಹೆಸರು ಬೆಳೆಯುವವರ ನಷ್ಟಕ್ಕೆ ಸಕಾಲದ ಪರಿಹಾರ, ರಾತ್ರಿ ಕಾವಲು, ಹೊಲದ ಮಟ್ಟದ ಬೇಲಿ, ಇವೆಲ್ಲ ಬೇಕೇ ಬೇಕು. ತೋಳವನ್ನು ಉಳಿಸುವುದು ಅದರ ಜೊತೆಗಿನ ಕೆಲಸ, ಅದರ ಬದಲಿನ ಕೆಲಸವಲ್ಲ.

ಹಂಗಾದ್ರ ಕುರಿ ಹ್ಯಾಂಗ ಕಾಯೋದ್ರಿ? ವರ್ಷಾ ಮರಿ ಹೋಗ್ತಾವ.

ಬೇಲಿ ಹಾಕುವುದಿದ್ದರೆ ದೊಡ್ಡಿಗೆ ಹಾಕಬೇಕು, ಬಯಲಿಗಲ್ಲ. ಈ ಪುಟದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಡಿ. ತೋಳ ಹೆಚ್ಚಾಗಿ ಕತ್ತಲಲ್ಲಿ, ಮುಂಜಾವು-ಮುಸ್ಸಂಜೆಯಲ್ಲಿ, ಹಿಂಡಿನಿಂದ ಹಿಂದುಳಿದ ಕುರಿಗೆ ಬಾಯಿ ಹಾಕುತ್ತದೆ. ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುವಾಗ ಸುತ್ತ ಎತ್ತರದ ಬಲೆ ಬಿಗಿದು, ಅದರ ಬುಡಕ್ಕೆ ಜಾಲಿಮುಳ್ಳು ಒತ್ತಿ, ಮರಿಗಳನ್ನು ಒಳಗಡೆ ಇನ್ನೊಂದು ಸುತ್ತಿನಲ್ಲಿ ಕೂಡಿದರೆ ರಾತ್ರಿಯ ನಷ್ಟ ಬಹಳ ತಗ್ಗುತ್ತದೆ. ಹಟ್ಟಿಯ ನಾಯಿಗಳು ಚಿಕ್ಕ ಮರಿಯಿಂದಲೇ ಕುರಿಗಳ ನಡುವೆ ಬೆಳೆದಿರಬೇಕು, ಅವಕ್ಕೆ ರೇಬೀಸ್ ಲಸಿಕೆ ಹಾಕಿಸಿರಬೇಕು. ದೀಪ ಇಡುವವರು ಅದನ್ನು ಒಂದೇ ಕಡೆ ಇಟ್ಟರೆ ಕೆಲ ದಿನಗಳಲ್ಲಿ ತೋಳಕ್ಕೆ ರೂಢಿಯಾಗಿಬಿಡುತ್ತದೆ, ಜಾಗ ಬದಲಿಸುತ್ತಿರಬೇಕು.

ಕುರಿ ಸತ್ತಾಗ ಕಳೇಬರವನ್ನು ಎಳೆದೊಗೆಯುವ ಮೊದಲೇ ಅರಣ್ಯ ಇಲಾಖೆಗೆ ತಿಳಿಸಿ, ಫೋಟೋ ತೆಗೆದು, ಪಶುವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಪರಿಹಾರದ ಅರ್ಜಿಗಳು ಸೋಲುವುದು ಹೆಚ್ಚಾಗಿ ಈ ಹಂತದಲ್ಲಿ. ಊರೂರು ಅಲೆಯುವ ಕುರಿಗಾರರಿಗೆ ಈ ಓಡಾಟ ಎಷ್ಟು ಕಷ್ಟವೆಂಬುದು ಗೊತ್ತಿರುವ ಮಾತು, ಪರಿಹಾರ ಹಟ್ಟಿಯ ಬಳಿಗೇ ಬರುವ ವ್ಯವಸ್ಥೆ ಆಗಲೇಬೇಕು. ತೋಳದ ಉಳಿವಿನ ವೆಚ್ಚವನ್ನು ಈಗ ಹೊರುತ್ತಿರುವವರು ನಮ್ಮಲ್ಲಿ ಅತಿ ಕಡಿಮೆ ಇರುವವರು.

ಝಟ್ಕಾ ಮಷೀನ್ ಹಾಕಿದರೆ ಕಾನೂನಿನ ತೊಂದರೆ ಇದೆಯೇ? ಲೈನಿನಿಂದ ನೇರವಾಗಿ ಕರೆಂಟು ಕೊಟ್ಟರೆ?

ಬ್ಯಾಟರಿ ಅಥವಾ ಸೋಲಾರಿನಿಂದ ನಡೆಯುವ, ಮಾನಕಕ್ಕೆ ತಕ್ಕ ಝಟ್ಕಾ ಯಂತ್ರ ಬೇಲಿಯ ತಂತಿಗೆ ಸುಮಾರು ಸೆಕೆಂಡಿಗೊಮ್ಮೆ, ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಹೊತ್ತು ಹೊಡೆತ ಕೊಡುತ್ತದೆ. ವೋಲ್ಟೇಜು ಸಾವಿರಗಟ್ಟಲೆ ಇದ್ದರೂ ಹರಿಯುವ ಶಕ್ತಿ ಅತ್ಯಲ್ಪ, ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ. ಕಂಬದಿಂದ ಎಳೆದ 230 ವೋಲ್ಟಿನ ಕರೆಂಟು ಬಿಡುವಿಲ್ಲದೆ ಹರಿಯುತ್ತದೆ, ಸ್ನಾಯು ಬಿಗಿಯಾಗಿ ತಂತಿಯನ್ನು ಬಿಡಲಾಗದೆ ಸಾವು ಬರುತ್ತದೆ. ಇದು ಅಪರಾಧ, ಮತ್ತು ಇಂಥ ತಂತಿಗಳಿಗೆ ಪ್ರತಿ ಹಂಗಾಮಿನಲ್ಲೂ ರೈತರೇ, ಅವರ ಮನೆಯವರೇ ಬಲಿಯಾಗುತ್ತಾರೆ. ತೋಳ ಮತ್ತು ಕೃಷ್ಣಮೃಗ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಅವುಗಳ ಸಾವಿಗೆ ಕಾರಣರಾದವರಿಗೆ 3ರಿಂದ 7 ವರ್ಷಗಳ ಸೆರೆವಾಸ ಇದೆ.

ಉತ್ತರ ಪ್ರದೇಶದಲ್ಲಿ ತೋಳ ಮಕ್ಕಳನ್ನು ಹೊತ್ತೊಯ್ದಿತಲ್ಲ, ಇಲ್ಲಿ ಹಾಗಾಗುವುದಿಲ್ಲವೇ?

2024ರಲ್ಲಿ ಬಹರಾಯಿಚ್ ಜಿಲ್ಲೆಯಲ್ಲಿ ಮಕ್ಕಳು ಸತ್ತದ್ದು ನಿಜ, ಆ ಮನೆಗಳ ದುಃಖವನ್ನು ಯಾವ ವಿವರಣೆಯೂ ಕಡಿಮೆ ಮಾಡದು. ಅಂಥ ಸರಣಿ ದಾಳಿಗಳು ಅಪರೂಪ. ದಖ್ಖನ್ನಿನಲ್ಲಿ ಕುರಿಗಾರರು ತಲೆಮಾರುಗಳಿಂದ ಬಯಲಿನಲ್ಲೇ ಮಲಗಿ ತೋಳದ ನಡುವೆ ಬದುಕಿದ್ದಾರೆ. ಹೆಚ್ಚು ಎಚ್ಚರ ಬೇಕಾದದ್ದು ಹುಚ್ಚು ಹಿಡಿದ ತೋಳದ ಬಗ್ಗೆ: ಹಗಲಿನಲ್ಲಿ ಅಂಜದೆ ಊರಿಗೆ ನುಗ್ಗಿ ಕಂಡಕಂಡವರನ್ನು ಕಚ್ಚುವ ಪ್ರಾಣಿ ಸಾಮಾನ್ಯವಾಗಿ ರೇಬೀಸಿನದು. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಲಸಿಕೆ ಹಾಕಿಸಬೇಕು.

ಗಾಯರಾಣಕ್ಕೆ ಬೇಲಿ ಹಾಕಿ ಗಿಡ ನೆಟ್ಟರೆ ಪರಿಸರಕ್ಕೆ ಒಳ್ಳೆಯದೇ ಅಲ್ಲವೇ?

ಈ ಪ್ರಶ್ನೆಯನ್ನು ಕೇಳುವವರೆಲ್ಲ ಒಳ್ಳೆಯ ಮನಸ್ಸಿನವರು, ಆದ್ದರಿಂದ ಉತ್ತರವನ್ನು ಬಿಡಿಸಿ ಹೇಳಬೇಕು. ಸರಕಾರದ ದಾಖಲೆಯಲ್ಲಿ ಬೀಳು, ಬಂಜರು ಎಂದು ಬರೆದಿರುವ ನೆಲದಲ್ಲಿ ಬಹುಪಾಲು ನಿಜವಾದ ಹುಲ್ಲುಗಾವಲು. ಮರವಿಲ್ಲದಿರುವುದು ಅದರ ಕೊರತೆಯಲ್ಲ, ಅದರ ಸ್ವಭಾವ. ತೋಳ ಮರಿ ಹಾಕುವುದು ಚಳಿಗಾಲದಲ್ಲಿ, ಹಳ್ಳದ ಮಣ್ಣಿನ ದಂಡೆಯ ಬಿಲಗಳಲ್ಲಿ, ಪೊದೆಯ ಬುಡದಲ್ಲಿ. ಚಿಗರಿಗೆ ದೂರದ ಅಪಾಯ ಕಾಣುವಂಥ ಬಯಲು ಬೇಕು. ರಾಣೆಬೆನ್ನೂರಿನ ಕೃಷ್ಣಮೃಗ ವನ್ಯಜೀವಿಧಾಮ 1974ರಲ್ಲಿ ಘೋಷಣೆಯಾದದ್ದು. ಅಲ್ಲಿನ ಬಯಲಿನ ದೊಡ್ಡ ಭಾಗ ನೀಲಗಿರಿ ನೆಡುತೋಪಾದದ್ದನ್ನು ಇಂದಿಗೂ ಕಾಣಬಹುದು. ಬೇಲಿ ಹಾಕಿ ಮೇಯಿಸುವುದನ್ನು ನಿಲ್ಲಿಸಿದ ನೆಲದಲ್ಲಿ ಬಳ್ಳಾರಿ ಜಾಲಿ ಹೊಕ್ಕರೆ ಕೆಲವೇ ವರ್ಷಗಳಲ್ಲಿ ಹುಲ್ಲೂ ಇಲ್ಲ, ದಾರಿಯೂ ಇಲ್ಲ. ಗಿಡವನ್ನು ರಸ್ತೆ ಬದಿ, ಶಾಲೆಯ ಅಂಗಳ, ಕೆರೆಯ ಏರಿಯ ಕೆಳಗೆ ನೆಡೋಣ. ಗಾಯರಾಣ ಹುಲ್ಲಿಗಿರಲಿ.

## ಇನ್ನಷ್ಟು ಆಳಕ್ಕೆ

ಹಾಗಿದ್ದರೆ ಪರಭಕ್ಷಕರನ್ನು ಹೊರಗಿಡುವ ಬೇಲಿ ಎಲ್ಲಿಯೂ ಒಳ್ಳೆಯದಲ್ಲವೇ?

ಒಳ್ಳೆಯದಾಗಿರುವ ಸಂದರ್ಭ ಒಂದಿದೆ: ಹೊರಗಿಡುವ ಬೇಟೆಗಾರ ಆ ನೆಲಕ್ಕೆ ಪರಕೀಯವಾಗಿರುವಾಗ. ನ್ಯೂಜಿಲೆಂಡಿನ ನೆಲದ ಹಕ್ಕಿಗಳು ಸ್ತನಿ ಬೇಟೆಗಾರರನ್ನು ಕಂಡೇ ಇರಲಿಲ್ಲ. ವೆಲ್ಲಿಂಗ್ಟನ್ ನಗರದ ಅಂಚಿನಲ್ಲಿ 1999ರಲ್ಲಿ ಪೂರ್ಣಗೊಂಡ ಝೀಲ್ಯಾಂಡಿಯಾ ಬೇಲಿ ಇಲಿ, ಬೆಕ್ಕು, ಸ್ಟೋಟ್ ಎಂಬ ಮುಂಗುಸಿಯಂಥ ಸಣ್ಣ ಬೇಟೆಗಾರಗಳನ್ನು ಹೊರಗಿಟ್ಟು 225 ಹೆಕ್ಟೇರಿನಲ್ಲಿ ಸ್ಥಳೀಯ ಹಕ್ಕಿಗಳಿಗೆ ಮತ್ತೆ ಜಾಗ ಕೊಟ್ಟಿತು.

ಅಲ್ಲೂ ಎಚ್ಚರ ಬೇಕೆಂಬುದಕ್ಕೆ ದಕ್ಷಿಣ ಆಸ್ಟ್ರೇಲಿಯಾದ ಆರಿಡ್ ರಿಕವರಿ ಮೀಸಲು ಪ್ರದೇಶ ಸಾಕ್ಷಿ. 1997ರಲ್ಲಿ ಆರಂಭವಾದ, 123 ಚದರ ಕಿ.ಮೀ.ಗಳ ಈ ಪ್ರದೇಶದಿಂದ ನರಿ, ಬೆಕ್ಕು, ಮೊಲಗಳನ್ನು ಹೊರಗಿಟ್ಟು ಅಳಿವಿನಂಚಿನ ಸ್ಥಳೀಯ ಪ್ರಾಣಿಗಳನ್ನು ತಂದು ಬಿಟ್ಟರು. ಅವುಗಳಲ್ಲಿ ಬಿಲ ತೋಡುವ ಬೆಟಾಂಗ್ ಎಂಬ ಕಾಂಗರೂವಿನಂಥ ಸಣ್ಣ ಪ್ರಾಣಿ ಎಷ್ಟು ಹೆಚ್ಚಿತೆಂದರೆ ಒಳಗಿನ ಗಿಡಗಳೇ ಬಡವಾದವು. ಜೊತೆಗೆ ಬೇಟೆಗಾರನನ್ನೇ ಕಾಣದೆ ಬೆಳೆದ ಪ್ರಾಣಿಗಳು ಅಂಜಿಕೆ ಮರೆತವು. ಅವನ್ನು ಹೊರಗೆ ಬಿಟ್ಟರೆ ಉಳಿಯಲಾರವು. ಕೊನೆಗೆ ಅಲ್ಲಿನವರು ಕ್ವಾಲ್ ಎಂಬ ಸ್ಥಳೀಯ ಬೇಟೆಗಾರನನ್ನು ಬೇಲಿಯೊಳಗೇ ತಂದು ಬಿಟ್ಟರು. ಕೆಲವು ಅಂಕಣಗಳಲ್ಲಿ ಎಣಿಸಿ ಕೆಲವೇ ಬೆಕ್ಕುಗಳನ್ನು ಬಿಟ್ಟು, ಪ್ರಾಣಿಗಳು ಮತ್ತೆ ಎಚ್ಚರ ಕಲಿಯುತ್ತವೆಯೇ ಎಂದೂ ಪರೀಕ್ಷಿಸಿದರು.

ಯೆಲ್ಲೋಸ್ಟೋನಿನಲ್ಲಿ ತೋಳ ಬಂದ ಮೇಲೆ ನದಿಯ ಹರಿವೇ ಬದಲಾಯಿತು ಎಂದು ವಿಡಿಯೋದಲ್ಲಿ ನೋಡಿದೆ. ಇದು ನಿಜವೇ?

ಅರ್ಧ ನಿಜ. 1920ರ ದಶಕದಲ್ಲಿ ಅಮೆರಿಕದ ಆ ಉದ್ಯಾನದಿಂದ ತೋಳವನ್ನು ನಿರ್ಮೂಲ ಮಾಡಲಾಗಿತ್ತು. 1995-96ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಬಿಟ್ಟರು. ನಂತರದ ವರ್ಷಗಳಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಗಳು ಬಹಳ ಕಡಿಮೆಯಾದವು, ಕೆಲವೆಡೆ ವಿಲ್ಲೋ, ಆಸ್ಪೆನ್ ಗಿಡಗಳು ಮೇಲೆದ್ದವು. ಆದರೆ ಕರಡಿ, ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕು, ಉದ್ಯಾನದ ಹೊರಗಿನ ಮನುಷ್ಯರ ಬೇಟೆ ಮತ್ತು ಬರ ಕೂಡ ಎಲ್ಕ್ ಇಳಿಯಲು ಕಾರಣವಾಗಿದ್ದವು. ಅದಕ್ಕಿಂತ ಮುಖ್ಯವಾದದ್ದು 20 ವರ್ಷ ನಡೆದ ಇನ್ನೊಂದು ಪ್ರಯೋಗ. ಅದರಲ್ಲಿ ಕೆಲವು ತೊರೆಗಳ ಬಳಿ ಬೇಲಿ ಹಾಕಿ ಎಲ್ಕ್‌ಗಳನ್ನು ಪೂರ್ತಿ ಹೊರಗಿಟ್ಟರೂ ವಿಲ್ಲೋ ನಿರೀಕ್ಷಿಸಿದಷ್ಟು ಬೆಳೆಯಲಿಲ್ಲ, ಏಕೆಂದರೆ ತೋಳವಿಲ್ಲದ ದಶಕಗಳಲ್ಲಿ ಬೀವರ್‌ಗಳು ಹೋಗಿ, ಅವು ಕಟ್ಟುತ್ತಿದ್ದ ಒಡ್ಡುಗಳು ಹೋಗಿ, ತೊರೆಗಳು ಆಳಕ್ಕೆ ಕೊರೆದು ಅಂತರ್ಜಲ ಕೆಳಗಿಳಿದಿತ್ತು. ಕೈಯಿಂದ ಒಡ್ಡು ಕಟ್ಟಿ ನೀರನ್ನು ಮೇಲೇರಿಸಿದ ಕಡೆ ಮಾತ್ರ ಗಿಡಗಳು ಎತ್ತರ ಬೆಳೆದವು. ಬೇಟೆಗಾರನನ್ನು ಕಳೆದುಕೊಳ್ಳುವುದು ಒಂದು ದಾರಿ, ಮರಳಿ ತರುವುದು ಅದೇ ದಾರಿಯಲ್ಲಿ ಹಿಂದೆ ನಡೆಯುವುದಲ್ಲ.

ತೋಳಗಳನ್ನು ಒಂದೇ ಕಡೆ ಬೇಲಿಯೊಳಗೆ ಚೆನ್ನಾಗಿ ಸಾಕಿ ಉಳಿಸಬಾರದೇಕೆ?

ಅಮೆರಿಕದ ಸುಪೀರಿಯರ್ ಸರೋವರದ ಐಲ್ ರಾಯಲ್ ದ್ವೀಪದಲ್ಲಿ ನೀರೇ ಅಂಥ ಬೇಲಿಯಾಗಿತ್ತು. 1940ರ ದಶಕದ ಕೊನೆಯಲ್ಲಿ ಹೆಪ್ಪುಗಟ್ಟಿದ ಸರೋವರ ದಾಟಿ ಬಂದ ಕೆಲವೇ ತೋಳಗಳ ಸಂತತಿ ಅಲ್ಲಿ ಬೆಳೆಯಿತು. ರಕ್ತಸಂಬಂಧದೊಳಗೇ ಕೂಡಿ ಹುಟ್ಟಿದ ಮರಿಗಳಲ್ಲಿ ಬೆನ್ನೆಲುಬಿನ ದೋಷಗಳು ಕಂಡವು, 2016ರ ಹೊತ್ತಿಗೆ ಎರಡೇ ತೋಳಗಳು ಉಳಿದವು. ಮೂಸ್ ಎಂಬ ದೊಡ್ಡ ಜಿಂಕೆಗಳು 2019ರಲ್ಲಿ ಎರಡು ಸಾವಿರ ದಾಟಿ ಎಳೆಯ ಮರಗಳನ್ನೆಲ್ಲ ಮೇಯತೊಡಗಿದ್ದವು. 2018ರಿಂದ ಹೊರಗಿನ ತೋಳಗಳನ್ನು ವಿಮಾನದಲ್ಲಿ ತಂದು ಬಿಡಬೇಕಾಯಿತು. ಹರೆಯಕ್ಕೆ ಬಂದ ತೋಳ ಹುಟ್ಟಿದ ಗುಂಪನ್ನು ಬಿಟ್ಟು ಹತ್ತಾರು, ಕೆಲವೊಮ್ಮೆ ನೂರಾರು ಕಿ.ಮೀ. ನಡೆದು ಬೇರೆ ಜೊತೆ ಹುಡುಕುತ್ತದೆ. ಚಿಂಚೋಳಿಯ ತೋಳಕ್ಕೆ ಬೀದರಿನ, ತೆಲಂಗಾಣದ, ಸೊಲ್ಲಾಪುರದ ನಾನ್ನಜ್ ಹುಲ್ಲುಗಾವಲಿನ ತೋಳಗಳೊಂದಿಗೆ ನಂಟು ಉಳಿಯುವುದು ಆ ನಡಿಗೆಯಿಂದಲೇ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ನೆಲ ಮೀಸಲಾಗಿರುವುದು ಸಂತೋಷದ ವಿಷಯ, ಆದರೆ ಅದರ ಸುತ್ತಲಿನ ದಾರಿಗಳು ತೆರೆದಿದ್ದಾಗ ಮಾತ್ರ ಅದಕ್ಕೆ ಅರ್ಥ.

ಬೇಲಿ ಹಾಕಲೇಬೇಕಾದ ಕಡೆ ಪ್ರಾಣಿಗಳಿಗೆ ದಾರಿ ಉಳಿಸುವುದು ಹೇಗೆ?

ಅಮೆರಿಕದ ಬಯಲಿನಲ್ಲಿ ಪ್ರಾಂಗ್‌ಹಾರ್ನ್ ಎಂಬ ಚಿಗರಿಯಂಥ ಪ್ರಾಣಿಗಾಗಿ ರೈತರು ಅನುಸರಿಸುವ ಕ್ರಮ ಸರಳವಾಗಿದೆ: ಕೆಳಗಿನ ತಂತಿ ಮುಳ್ಳಿಲ್ಲದ್ದಾಗಿರಬೇಕು, ನೆಲದಿಂದ ಸುಮಾರು 40 ಸೆಂ.ಮೀ. ಮೇಲಿರಬೇಕು. ಬೆಳೆ ಇಲ್ಲದ ತಿಂಗಳುಗಳಲ್ಲಿ ತಂತಿ ಇಳಿಸಿಡುವುದು, ಹಳ್ಳ ದಾಟುವ ಕಡೆ ಬೇಲಿ ಬಿಡುವುದು, ಕಾಲುವೆಯ ಮೇಲೆ ಅಲ್ಲಲ್ಲಿ ಮಣ್ಣು ಹೊದಿಸಿದ ಅಗಲವಾದ ಸೇತುವೆ ಇಡುವುದು, ಹೆದ್ದಾರಿಯ ಕೆಳಸೇತುವೆಗಳನ್ನು ಹಳ್ಳದ ಗುಂಟವೇ ಕಟ್ಟುವುದು, ಇವೆಲ್ಲ ನಮ್ಮಲ್ಲೂ ಆಗುವ ಕೆಲಸಗಳು. ಸೂರತ್–ಚೆನ್ನೈ ಎಕ್ಸ್‌ಪ್ರೆಸ್‌ವೇಯಂಥ ರಸ್ತೆಗಳು ಈ ಜಿಲ್ಲೆಗಳನ್ನು ಹಾಯುವಾಗ ಇದನ್ನು ಕಾಮಗಾರಿಯ ಮೊದಲೇ ಕೇಳಬೇಕು, ಕಟ್ಟಿದ ಮೇಲೆ ಒಡೆದು ಮಾಡುವುದು ಯಾರಿಗೂ ಆಗದು.

ಬದಲಾವಣೆಗೆ ಬೇಲಿಯೇ ಕಾರಣವೆಂದು ವಿಜ್ಞಾನಿಗಳು ಹೇಗೆ ಸಾಧಿಸುತ್ತಾರೆ? ನಾವು ವಿದ್ಯಾರ್ಥಿಗಳು ಇಲ್ಲಿ ಏನಾದರೂ ಅಳೆಯಬಹುದೇ?

ಸಾಧಿಸುವುದು ಸುಲಭವಲ್ಲ. ಡಿಂಗೊ ಬೇಲಿಯ ಎರಡು ಬದಿಗಳಲ್ಲಿ ಪರಭಕ್ಷಕ ಮಾತ್ರವಲ್ಲ, ಜಾನುವಾರು, ನೀರಿನ ತೊಟ್ಟಿಗಳ ಸಂಖ್ಯೆ, ನೆಲದ ಒಡೆತನ, ಕಾಂಗರೂ ಬೇಟೆಯ ನಿಯಮಗಳೂ ಬೇರೆಯಾಗಿವೆ, ಹೀಗಾಗಿ ಎಲ್ಲವನ್ನೂ ಡಿಂಗೊ ಲೆಕ್ಕಕ್ಕೆ ಬರೆಯಬಾರದೆಂದು ವಾದಿಸುವ ವಿಜ್ಞಾನಿಗಳಿದ್ದಾರೆ, ಅವರ ವಾದದಲ್ಲಿ ಹುರುಳಿದೆ. ಅದಕ್ಕೆ ಉತ್ತರವಾಗಿ ಸಂಶೋಧಕರು ಒಂದೇ ಬಗೆಯ ಮಣ್ಣು, ಒಂದೇ ಮಳೆ ಇರುವ, ಎರಡೂ ಬದಿ ಜಾನುವಾರು ಇಲ್ಲದ ಅಥವಾ ಕಡಿಮೆಯಿರುವ ತಾಣಗಳನ್ನು ಜೋಡಿಯಾಗಿ ಆರಿಸುತ್ತಾರೆ. ಕೆಲವೆಡೆ ಸಣ್ಣ ಅಂಕಣಗಳಿಗೆ ಬೇಲಿ ಹಾಕಿ ಕಾಂಗರೂವನ್ನು ಹೊರಗಿಟ್ಟು ಹುಲ್ಲು ಹೇಗೆ ಬೆಳೆಯುತ್ತದೆಂದು ನೋಡುತ್ತಾರೆ. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಲ್ಯಾಂಡ್‌ಸ್ಯಾಟ್ ಉಪಗ್ರಹಗಳ 32 ವರ್ಷಗಳ ಚಿತ್ರಗಳನ್ನು ಹೋಲಿಸಿ, ಮಳೆಯ ನಂತರ ಡಿಂಗೊ ಇಲ್ಲದ ಬದಿಯಲ್ಲಿ ಹಸಿರು ಕಡಿಮೆ ಚಿಗುರುವುದನ್ನು ಕಂಡಿತು.

ಆ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತ, ಕಲಬುರಗಿಯ ಕಾಲೇಜಿನ ಕಂಪ್ಯೂಟರಿನಲ್ಲೂ ತೆರೆಯಬಹುದು. ಬೇಲಿ ಬಿದ್ದ ಗಾಯರಾಣ ಮತ್ತು ಬೇಲಿಯಿಲ್ಲದ ಗಾಯರಾಣ, ಎರಡರ ಮೇಲೂ ಮುಂಗಾರಿನ ಮೊದಲು ಮತ್ತು ನಂತರ ಒಂದೊಂದು ಮೀಟರಿನ ಚೌಕ ಹಾಕಿ ಹುಲ್ಲಿನ ಜಾತಿಗಳನ್ನು ಎಣಿಸಿ. ಬೆಳಗಿನ ಜಾವ ಹಳ್ಳದ ಮರಳಿನಲ್ಲಿ ನಾಯಿ, ನರಿ, ತೋಳಗಳ ಹೆಜ್ಜೆಗಳನ್ನು ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೋ ತೆಗೆಯಿರಿ. ತೋಳದ ಹೆಜ್ಜೆಗೂ ದೊಡ್ಡ ನಾಯಿಯ ಹೆಜ್ಜೆಗೂ ಬಿಡಿಯಾಗಿ ವ್ಯತ್ಯಾಸ ಹೇಳುವುದು ಕಷ್ಟ, ತೋಳ ಸಾಮಾನ್ಯವಾಗಿ ನೇರ ಗೆರೆಯಲ್ಲಿ ನಡೆಯುತ್ತದೆ ಎಂಬುದನ್ನು ಗಮನಿಸಿ ಸಾಲನ್ನು ಸ್ವಲ್ಪ ದೂರ ಹಿಂಬಾಲಿಸಿ. ಮರಿಗಳಿರುವ ಬಿಲದ ಹತ್ತಿರ ಮಾತ್ರ ಹೋಗಬಾರದು, ಅದರ ಜಾಗವನ್ನು ಯಾರಿಗೂ ಹೇಳಲೂಬಾರದು, ಫೋಟೋ ಹಾಕುವಾಗ ಊರಿನ ಹೆಸರು ಬರೆಯಲೂಬಾರದು. ಹೊಗೆ ಹಾಕಿ, ಮಣ್ಣು ಮುಚ್ಚಿ ಮರಿಗಳನ್ನು ಕೊಲ್ಲಲು ಆ ಒಂದು ಸುಳಿವು ಸಾಕು.